ಗೋಡೆ ಕಡೆಯ ಬಳ್ಳಿಗಳು

ಚಹಾಕ್ಕೆ ಹಾಲು ತೆಗೆಯಲು ಫ್ರಿಜ್ಜಿನ ಬಾಗಿಲು ತೆರೆದ ಅತ್ತೆ ಹಾಗೇ ನಿಂತುಬಿಟ್ಟರು. ಹಾಲಿನ ಪಾತ್ರೆಗೆ ಒತ್ತಿಕೊಂಡು ಒಂದು ಪೊಟ್ಟಣ ಕೂತಿತ್ತು. ಅದರ ಮೂಲೆ ಕತ್ತರಿಸಿ, ಬಟ್ಟೆ ಒಣಹಾಕುವ ಕ್ಲಿಪ್ಪು ಸಿಕ್ಕಿಸಿತ್ತು. ಅತ್ತೆ ಕ್ಲಿಪ್ಪು ತೆಗೆದು ಮೂಸಿದರು. ಬೂದಿಗೆ ಹಸಿರು ಬೆರೆತಂಥ ಪುಡಿ. ಮಳೆಗಾಲದಲ್ಲಿ ಮಂಚದ ಕೆಳಗೆ ಮರೆತ ಚಪ್ಪಲಿಯ ವಾಸನೆ.

“ಏನೇ ಇದು?”

ಒಲೆಯ ಮುಂದಿದ್ದ ಸೊಸೆ ತಿರುಗಲಿಲ್ಲ. “ಮೆಣಸಿನ ಕಡ್ಡಿಗೆ ಹಾಕೋದು ಅತ್ತೆ. ಟ್ರೈಕೋಡರ್ಮಾ ಅಂತ. ಜೈವಿಕ ಗೊಬ್ಬರ ತರಬೇತಿಯಲ್ಲಿ ಕೊಟ್ರು.”

“ಅಂದ್ರೆ?”

“ಒಂಥರಾ ಬೂಷ್ಟು. ಒಳ್ಳೇ ಬೂಷ್ಟು. ಬೇರು ಕೊಳೆಸೋ ಕೆಟ್ಟ ಬೂಷ್ಟನ್ನ ಇದು ತಿಂದು ಹಾಕುತ್ತೆ.”

“ಒಳ್ಳೇ ಬೂಷ್ಟು!” ಅತ್ತೆ ಪೊಟ್ಟಣವನ್ನು ಎರಡು ಬೆರಳಲ್ಲಿ ಹಿಡಿದು ಎತ್ತಿದರು. “ಒಳ್ಳೇ ತಿಗಣೆ ಯಾವುದಾದ್ರೂ ಇದ್ರೆ ಅದನ್ನೂ ತಂದು ಹಾಸಿಗೆಗೆ ಬಿಡು. ಹಾಲಿನ ಪಕ್ಕ ಇಟ್ಟಿದ್ದೀಯಲ್ಲ, ಮನೇಲಿ ಮಗು ಇದೆ ಅನ್ನೋ ಜ್ಞಾನ ಬೇಡ್ವಾ?”

ಮಗು ಅಂದರೆ ಮೊಮ್ಮಗಳು. ಹೈಸ್ಕೂಲಿನ ಕೊನೆಯ ತರಗತಿ. ಯಾವ ಮಾತು ಎತ್ತಿದರೂ ಎರಡೂ ಕಡೆ ವಾದಿಸುತ್ತಿದ್ದುದರಿಂದ ಮನೆಯಲ್ಲಿ ಅವಳ ಹೆಸರು ವಕೀಲೆ. ಅವಳು ಬ್ರೆಡ್ಡಿಗೆ ಬೆಣ್ಣೆ ಹಚ್ಚುತ್ತಾ, “ಅಜ್ಜಿ, ನಿನ್ನ ಮೊಸರಲ್ಲೂ ಜೀವಾಣು ಇದೆ. ಇವೆರಡೂ ಅಕ್ಕಪಕ್ಕದ ಮನೆಯವರು ಅಂದ್ಕೋ” ಎಂದಳು.

“ನೀನು ಸುಮ್ಮನೆ ತಿನ್ನು.”

ಅತ್ತೆ ಹೆರಿಗೆ ಆಸ್ಪತ್ರೆಯಲ್ಲಿ ಆಯಾ ಆಗಿದ್ದವರು. ಕತ್ತರಿ, ಬಟ್ಟೆ, ಬಟ್ಟಲು, ಬಾಟಲಿ ಎಲ್ಲವನ್ನೂ ಕುದಿಸಿ ಕುದಿಸಿ ಕೈಯ ಚರ್ಮ ಸುಕ್ಕಾಗಿತ್ತು. ನಿವೃತ್ತಿಯ ನಂತರ ಮನೆಯ ಪಕ್ಕದ ಖಾಲಿ ಜಾಗಕ್ಕೆ ಹಸಿರು ಬಲೆ ಎಳೆದು, ಚೀಲಗಳಿಗೆ ಮಣ್ಣು ತುಂಬಿ, ಮೆಣಸಿನ ಬಳ್ಳಿಯ ತುಂಡುಗಳನ್ನು ಊರಿ ಗಿಡ ಮಾಡಿ ಮಾರತೊಡಗಿದ್ದರು. ಅತ್ತೆಯ ಕೈಗುಣ ಒಳ್ಳೆಯದು ಎಂದು ಕೇಳಿಕೊಂಡು ಬರುವವರಿದ್ದರು. ಆದರೆ ಕಳೆದ ವರ್ಷ ಆ ಕೈಗುಣ ಕೈಕೊಟ್ಟಿತ್ತು. ಬೇರು ಕಪ್ಪಾಗಿ, ಎಲೆ ಜೋತು, ಸಾಲಿಗೆ ಸಾಲೇ ಕೊಳೆತಿತ್ತು. ಪ್ರತಿ ವರ್ಷ ಗಿಡ ಕೊಳ್ಳುವ ತೋಟದ ಯಜಮಾನಿ, ಹುಲ್ಲಿನ ಟೋಪಿ ಇಲ್ಲದೆ ಯಾರೂ ಕಂಡಿರದ ಕಾರಣ ಟೋಪಿಯಮ್ಮ ಎಂದೇ ಕರೆಸಿಕೊಳ್ಳುವವರು, ಬಂದ ವ್ಯಾನನ್ನು ಖಾಲಿಯೇ ತಿರುಗಿಸಿಕೊಂಡು ಹೋಗಿದ್ದರು.

ಅತ್ತೆಯ ಮಗ ಬಡಗಿ. ಆಗಿನಿಂದ ಅವನ ಕಣ್ಣು ಆ ಜಾಗದ ಮೇಲೆ. ಪೇಟೆಯ ಆಚೆ ತುದಿಯಲ್ಲಿ ಬಾಡಿಗೆಯ ಶೆಡ್ಡಿನಲ್ಲಿ ಮರ ಕೊಯ್ಯುವುದು ಅವನಿಗೆ ಸಾಕಾಗಿತ್ತು.

“ಈ ಸಲ ನೋಡೋಣ” ಎಂದು ಅವನು ಅಂದು ಬೆಳಗ್ಗೆ ಮೊಟ್ಟೆ ಸುಲಿಯುತ್ತಾ ಹೇಳಿದ. “ಮಳೆಗೆ ಮುಂಚೆ ಟೋಪಿಯಮ್ಮ ಬರ್ತಾರಲ್ಲ. ಅವರು ಗಿಡ ತಗೊಂಡ್ರೆ ಸರಿ. ಇಲ್ಲಾಂದ್ರೆ ಬಲೆ ಬಿಚ್ಚಿ ನನ್ನ ಮೆಷಿನ್ ತಂದು ಹಾಕ್ತೀನಿ. ಆಮೇಲೆ ಇಬ್ಬರೂ ಮುಖ ಊದಿಸ್ಕೋಬೇಡಿ.”

ಅತ್ತೆ, ಸೊಸೆ ಇಬ್ಬರೂ ಒಟ್ಟಿಗೇ ಅವನತ್ತ ನೋಡಿದರು. ಅಷ್ಟರ ಮಟ್ಟಿಗೆ ಅವರದು ಒಂದೇ ಪಕ್ಷ.

ಭಾನುವಾರ ಕಡ್ಡಿ ಊರುವ ಕೆಲಸ. ಸೊಸೆ ಮಣ್ಣು, ಮರಳು, ಎರೆಗೊಬ್ಬರ, ಬೇವಿನ ಹಿಂಡಿ ಎಲ್ಲವನ್ನೂ ಟಾರ್ಪಾಲಿನ ಮೇಲೆ ಸುರಿದು ಸಲಿಕೆಯಲ್ಲಿ ಮಗುಚಿದಳು. ಅತ್ತೆ ಬಾಗಿಲಲ್ಲೇ ನಿಂತು ನೋಡಿದರು. ಸ್ವಲ್ಪ ಹೊತ್ತಿಗೆ ಮೆಟ್ಟಿಲಿಳಿದರು. ಇನ್ನೂ ಸ್ವಲ್ಪ ಹೊತ್ತಿಗೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಕಡ್ಡಿಯ ಕಟ್ಟು ಬಿಚ್ಚಿದರು.

“ಗೆಣ್ಣು ಮಣ್ಣೊಳಗೆ ಹೋಗಲಿ ಕಣೇ. ಬೇರು ಅಲ್ಲಿಂದಲ್ವಾ ಬರೋದು? ಹಾಗೆ ಮೇಲ್ಮೇಲೆ ಚುಚ್ಚಿದ್ರೆ ಅದೇನು ಊದುಬತ್ತಿನಾ?”

“ನೀವೇ ಊರಿ. ನಾನು ಚೀಲ ತುಂಬ್ತೀನಿ.”

ಅತ್ತೆ ಒಂದೊಂದೇ ಕಡ್ಡಿಯನ್ನು ಊರಿ, ಹೆಬ್ಬೆರಳಿನಲ್ಲಿ ಮಣ್ಣು ಒತ್ತಿ, ಪಕ್ಕಕ್ಕಿಟ್ಟರು. ಸಂಜೆಯ ಹೊತ್ತಿಗೆ ಬಲೆಯ ಕೆಳಗೆ ಎರಡು ಪಾತಿ ತುಂಬಿದವು. ಒಂದು ನಲ್ಲಿಯ ಕಡೆ, ಇನ್ನೊಂದು ಕಾಂಪೌಂಡು ಗೋಡೆಯ ಕಡೆ.

“ಆ ಪುಡಿ ಎಲ್ಲಿ?” ಎಂದು ಅತ್ತೆ ಕೈ ತೊಳೆಯುತ್ತಾ ಕೇಳಿದರು.

“ಅದು ಈಗಲ್ಲ ಅತ್ತೆ. ಚಿಗುರು ಕಣ್ಣು ಬಿಟ್ಟ ಮೇಲೆ.”

“ಜೀವ ಇದೆ ಅಂತೀಯಲ್ಲ, ಮತ್ತೆ ಅದರ ಊಟಕ್ಕೆ?”

“ಬೆಲ್ಲದ ನೀರು.”

ಮರುದಿನ ಅತ್ತೆಯೇ ಪೊಟ್ಟಣವನ್ನು ಹಾಲಿನ ಪಕ್ಕದಿಂದ ತೆಗೆದು, ಕೆಳಗಿನ ತರಕಾರಿ ಡಬ್ಬಿಗೆ ಹಾಕಿ, ಮೇಲೊಂದು ಬಟ್ಟೆ ಹೊದಿಸಿದ್ದು ಸೊಸೆಯ ಕಣ್ಣಿಗೆ ಬಿತ್ತು. ಬೈಯುತ್ತಲೇ ಹೊದಿಸಿದ್ದರು.

ಚಿಗುರು ಕಣ್ಣು ಬಿಟ್ಟ ವಾರ ಸೊಸೆ ನಲ್ಲಿ ಕಡೆಯ ಪಾತಿಗೆ ಪುಡಿ ಕಲಸಿದ ನೀರು ಹಾಕಿ ಮುಗಿಸಿದ್ದಳು. ಅತ್ತೆ ಆಗ ಅಂಗಳಕ್ಕೆ ಬಂದಿರಲಿಲ್ಲ. ಪುಡಿಯ ವಾಸನೆಗೆ ಒಳಗೇ ಕೂತು ಬೀನ್ಸಿನ ನಾರು ತೆಗೆಯುತ್ತಿದ್ದರು. ಆ ಹೊತ್ತಿಗೆ ಸೊಸೆಯ ಅಕ್ಕನ ಫೋನು. ಅಮ್ಮ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಿದ್ದಳು.

ಸೊಸೆ ಬ್ಯಾಗಿಗೆ ಬಟ್ಟೆ ತುರುಕುತ್ತಿದ್ದರೆ ಅತ್ತೆ ಹಿಂದೆ ಹಿಂದೆಯೇ ಬಂದರು. “ಹೋಗು, ಇಲ್ಲಿಯದು ನಾನು ನೋಡ್ಕೋತೀನಿ. ಆಸ್ಪತ್ರೇಲಿ ಒಂದೇ ಮಗ್ಗುಲಲ್ಲಿ ಮಲಗಿಸಿಬಿಟ್ಟಾರು, ಹುಷಾರು. ಬೆನ್ನು ಹುಣ್ಣಾಗುತ್ತೆ.”

“ಅತ್ತೆ, ಗೋಡೆ ಕಡೆ ಪಾತಿ ಉಳಿದಿದೆ. ಉಳಿದ ಪುಡಿ ಬೆಲ್ಲದ ನೀರಲ್ಲಿ ಕಲಸಿ ಬುಡಕ್ಕೆ ಒಂದೊಂದು ಸೌಟು...” ಸೊಸೆ ಚಪ್ಪಲಿಗೆ ಕಾಲು ತೂರಿಸುತ್ತಾ ಹೇಳಿದಳು. “ನಿಮಗೆ ಬೇಡ ಅನ್ನಿಸಿದ್ರೆ ಬಿಡಿ, ಬಂದು ಹಾಕ್ತೀನಿ.”

“ಬೇಡ ಅನ್ನಿಸೋಕೆ ನಾನೇನು ಚಿಕ್ಕ ಮಗುನಾ? ನಡೀ, ಬಸ್ ತಪ್ಪುತ್ತೆ.”

ಮಾರನೆಯ ಬೆಳಗ್ಗೆ ಅತ್ತೆ ದೊಡ್ಡ ಪಾತ್ರೆಯಲ್ಲಿ ನೀರು ಕಾಯಿಸಿದರು. ನೀರು ಕುದಿಸದೆ ಎಳೆಯ ಜೀವಕ್ಕೆ ಅವರು ಏನನ್ನೂ ಮುಟ್ಟಿಸಿದವರಲ್ಲ. ಬೆಲ್ಲ ಹಾಕಿ ಕರಗಿಸಿದರು. ಕುದಿಯುತ್ತಿದ್ದಾಗಲೇ ಪುಡಿ ಸುರಿದು, ಗಂಟಾಗದ ಹಾಗೆ ತಿರುವಿದರು. ಹಬೆ ಮುಖಕ್ಕೆ ಬಡಿಯಿತು. ಮೂಗು ಮುಚ್ಚಿಕೊಂಡರೂ ತಿರುವುವುದನ್ನು ನಿಲ್ಲಿಸಲಿಲ್ಲ. ಆಮೇಲೆ ಪಾತ್ರೆ ಇಳಿಸಿ, ತಟ್ಟೆ ಮುಚ್ಚಿ, ಆರಲು ಬಿಟ್ಟರು. ಸಾಕಷ್ಟು ಹೊತ್ತಾದ ಮೇಲೆ ತೋಳು ಮಡಚಿ ಮೊಣಕೈ ಅದ್ದಿ ನೋಡಿದರು. ವಾರ್ಡಿನಲ್ಲಿ ಆಗತಾನೇ ಹುಟ್ಟಿದ ಕೂಸುಗಳಿಗೆ ನೀರು ಹದ ನೋಡುತ್ತಿದ್ದದ್ದು ಹಾಗೆಯೇ. ಇನ್ನೂ ಸ್ವಲ್ಪ ಬಿಸಿ. ಕಾದರು. ಮತ್ತೆ ಅದ್ದಿದರು. ಎಳೆ ಬೇರು ಸುಡದ ಹದಕ್ಕೆ ಬಂದ ಮೇಲೆ ಒಂದೊಂದು ಚೀಲದ ಮುಂದೂ ಕುಕ್ಕರುಗಾಲಲ್ಲಿ ಕೂತು, ಎಲೆಗೆ ಸಿಡಿಯದಂತೆ ಬುಡಕ್ಕೆ ಹಾಕಿದರು.

ಶಾಲೆಗೆ ಹೊರಟ ವಕೀಲೆ, “ಅಜ್ಜಿ, ಕೊನೆಗೂ ಬೂಷ್ಟಿಗೆ ಊಟ ಬಡಿಸಿದೆಯಾ?” ಎಂದಳು.

“ನಿಮ್ಮಮ್ಮ ಹೇಳಿದ್ದಾಳೆ, ಹಾಕಿದೆ. ನನ್ನದೇನಿದೆ” ಎಂದರು ಅತ್ತೆ. ಮುಖದಲ್ಲಿ ಮಾತ್ರ ದೊಡ್ಡ ಕೆಲಸ ಮುಗಿಸಿದ ಸಮಾಧಾನ.

ಸೊಸೆ ಹಿಂತಿರುಗಿದ್ದು ಒಂದು ವಾರಕ್ಕೂ ಮೇಲೆ. ತಾಯಿ ಅಕ್ಕನ ಮನೆಯಲ್ಲಿ ಹಾಸಿಗೆ ಹಿಡಿದಿದ್ದಳು, ಜೀವಕ್ಕೆ ಭಯವಿರಲಿಲ್ಲ. ಬ್ಯಾಗು ಇಳಿಸಿದವಳೇ ಬಲೆಯ ಕೆಳಗೆ ಹೋದಳು. ನಲ್ಲಿ ಕಡೆ ಹೊಳೆಯುವ ಎಳೆಯ ಎಲೆಗಳು ಬಿಚ್ಚಿಕೊಂಡಿದ್ದವು. ಗೋಡೆ ಕಡೆ ಕಡ್ಡಿಗಳು ಹೋದಾಗ ಹೇಗಿದ್ದವೋ ಹಾಗೇ ಮೊಂಡಾಗಿ ನಿಂತಿದ್ದವು.

“ಅಲ್ಲಿ ನೆರಳು ಜಾಸ್ತಿ” ಎಂದರು ಅತ್ತೆ, ಯಾರೂ ಕೇಳದಿದ್ದರೂ.

ಮತ್ತೆರಡು ವಾರಕ್ಕೆ ನೆರಳಿನ ಮಾತು ನಿಲ್ಲುವಂತಿರಲಿಲ್ಲ. ನಲ್ಲಿ ಕಡೆಯವು ಊರುಗೋಲು ಕೇಳುವಷ್ಟು ಎತ್ತರವಾದವು. ಗೋಡೆ ಕಡೆ ಬಂದಿದ್ದ ಒಂದೆರಡು ಎಲೆಯೂ ಹಳದಿಗೆ ತಿರುಗಿ, ಬೆರಳು ತಾಗಿಸಿದರೆ ಕಳಚಿ ಬೀಳುತ್ತಿದ್ದವು. ಒಂದೇ ಮಣ್ಣು, ಒಂದೇ ಬಳ್ಳಿ, ಒಂದೇ ದಿನ ಊರಿದ್ದು. ಬೇರೆಯಾಗಿದ್ದದ್ದು ಪುಡಿ ಹಾಕಿದ ಕೈ ಮಾತ್ರ.

ಸೊಸೆಗೆ ಒಂದೇ ಅನುಮಾನ. ಅದನ್ನು ಬಾಯಿಬಿಟ್ಟು ಹೇಳಲಿಲ್ಲ. ಬದಲಿಗೆ ಪಾತ್ರೆಗಳು ಮಾತಾಡಿದವು. ತಟ್ಟೆ ಸ್ವಲ್ಪ ಜೋರಾಗಿ ಕೂತಿತು. ಡಬ್ಬಿಯ ಮುಚ್ಚಳ ಸ್ವಲ್ಪ ಜೋರಾಗಿ ಮುಚ್ಚಿತು. ಅತ್ತೆ ಅನ್ನಕ್ಕಿಟ್ಟ ನೀರು ಜಾಸ್ತಿಯಾದರೆ ಸೊಸೆ, “ಹೇಳಿದಷ್ಟು ಹಾಕಿದ್ರೆ ಸರಿಯಾಗಿರೋದು” ಎಂದಳು. ಅನ್ನದ ಮಾತಲ್ಲ ಅದು ಎಂದು ಇಬ್ಬರಿಗೂ ಗೊತ್ತಿತ್ತು.

ಅತ್ತೆಯೂ ಬಾಯಿ ಬಿಡಲಿಲ್ಲ. ಅವರನ್ನು ತಿನ್ನುತ್ತಿದ್ದದ್ದು ಬೇರೆ. ಕಳೆದ ವರ್ಷ ಸತ್ತಿದ್ದೂ ತಾನು ಊರಿದ್ದೇ, ಈ ವರ್ಷ ಸಾಯುತ್ತಿರುವುದೂ ತಾನು ಮುಟ್ಟಿದ್ದೇ. ಮಧ್ಯಾಹ್ನ ಎಲ್ಲರೂ ಹೊರಗಿರುವಾಗ ಗೋಡೆ ಕಡೆ ಹೋಗಿ ನಿಲ್ಲುತ್ತಿದ್ದರು. ಕೈ ಮುಂದೆ ಚಾಚಿ, ಮತ್ತೆ ಹಿಂದಕ್ಕೆ ತೆಗೆದುಕೊಳ್ಳುತ್ತಿದ್ದರು. ಗಿಡಕ್ಕೆ ನೀರು ಹಾಕುವುದನ್ನೂ ನಿಧಾನವಾಗಿ ಮೊಮ್ಮಗಳಿಗೆ ದಾಟಿಸಿದರು. “ನನಗೆ ಮಂಡಿ ನೋವು” ಎಂದರು.

ಒಂದು ಸಂಜೆ ಬಡಗಿ ಅಳತೆ ಟೇಪು ಹಿಡಿದು ಗೋಡೆಯುದ್ದಕ್ಕೂ ನಡೆದ.

“ಅಳೀತಾ ಇದ್ದೀರಾ?” ಎಂದಳು ಸೊಸೆ ಕಿಟಕಿಯಿಂದ.

“ಅಳತೆ ತಗೊಂಡ್ರೆ ಜಾಗ ಸವೆಯುತ್ತಾ? ಈ ಕಡೆಯದಂತೂ ಹೋಯ್ತಲ್ಲ. ಮೆಷಿನ್ ಇಲ್ಲಿ ಕೂತ್ಕೊಳ್ಳುತ್ತೆ.”

“ಇನ್ನೂ ಮಳೆ ಬಂದಿಲ್ಲ.”

“ಸತ್ತ ಕಡ್ಡಿ ಮಳೆಗೆ ಎದ್ದು ಕೂರುತ್ತಾ?”

ಆ ಮಾತು ಒಳಗೆ ಆಲೂಗಡ್ಡೆ ಹೆಚ್ಚುತ್ತಿದ್ದ ಅತ್ತೆಗೂ ಕೇಳಿಸಿತು. ಚಾಕು ಸ್ವಲ್ಪ ಹೊತ್ತು ನಿಂತಿತು.

ಊಟಕ್ಕೆ ಕೂತಾಗ ಎಲ್ಲರ ತಟ್ಟೆಯಲ್ಲೂ ಅನ್ನ ಆರುತ್ತಿತ್ತು. ಬಡಗಿ ಮಾತು ತಿರುಗಿಸಿ ತಿರುಗಿಸಿ ಅಲ್ಲಿಗೇ ತಂದ. “ಆ ಪುಡಿ ಕೊಟ್ಟವರು ಮೋಸ ಮಾಡಿದ್ದಾರೆ. ಅರ್ಧ ಗಿಡಕ್ಕೆ ಕೆಲಸ ಮಾಡೋ ಗೊಬ್ಬರ ಅದೆಂಥದ್ದು?”

“ಪುಡಿ ಸರಿಯಾಗೇ ಇತ್ತು” ಎಂದಳು ಸೊಸೆ. “ಹಾಕಿದ ಕಡೆ ಬಂದಿದೆಯಲ್ಲ.”

“ಹಾಕಿದ ಕಡೆ ಅಂದ್ರೆ?” ಅತ್ತೆ ತಲೆಯೆತ್ತಿದರು.

ಸೊಸೆ ತಡೆದುಕೊಂಡಿದ್ದು ಅಲ್ಲಿಗೆ ಮುಗಿಯಿತು. “ಅತ್ತೆ, ಕೋಪ ಮಾಡ್ಕೋಬೇಡಿ. ನಿಜ ಹೇಳಿ. ಆ ಪುಡೀನ ಚೆಲ್ಲಿಬಿಟ್ರಾ? ವಾಸನೆ ಅಂತ? ಚೆಲ್ಲಿದ್ರೂ ಪರವಾಗಿಲ್ಲ, ನನಗೆ ಗೊತ್ತಾಗಬೇಕು ಅಷ್ಟೆ.”

“ಚೆಲ್ಲಿದ್ನಾ?” ಅತ್ತೆ ತಟ್ಟೆ ಪಕ್ಕಕ್ಕೆ ಸರಿಸಿದರು. “ನಾನಾ? ಒಂದು ಚಿಟಿಕೆ ಕೆಳಗೆ ಬೀಳದ ಹಾಗೆ ಕಲಸಿದ್ದೀನಿ ಕಣೇ! ನೀನಾದ್ರೂ ಅಷ್ಟು ಮಾಡಿರ್ತೀಯೋ ಇಲ್ವೋ. ದೊಡ್ಡ ಪಾತ್ರೇಲಿ ಕಳಕಳ ಕುದಿಸಿ, ಅದರಲ್ಲೇ ಹಾಕಿ ತಿರುವಿ, ಆರಿಸಿ, ಹದ ನೋಡಿ...”

“ಕುದಿಸಿ?” ಎಂದಳು ಸೊಸೆ.

“ಮತ್ತೆ? ಹಸಿ ನೀರು ಕೊಡೋಕಾಗುತ್ತಾ?”

ವಕೀಲೆ ಬಾಯಿಗೆ ಕೈ ಅಡ್ಡ ಹಿಡಿದಳು, ಆದರೂ ನಗು ಬೆರಳ ಸಂದಿಯಿಂದ ಹಾರಿತು. “ಅಜ್ಜೀ! ಅದು ಜೀವಂತ ಇತ್ತು! ಕುದಿಯೋ ನೀರಿಗೆ ಹಾಕಿ... ಅಯ್ಯೋ, ಅಜ್ಜಿ ಬೂಷ್ಟಿನ ಸಾಮೂಹಿಕ ಕೊಲೆ ಮಾಡಿದ್ದಾಳೆ! ಅಮ್ಮ ಅದನ್ನ ಫ್ರಿಜ್ಜಲ್ಲಿ ಯಾಕಿಟ್ಟಿದ್ಲು ಅಂದ್ಕೊಂಡೆ ನೀನು?”

“ಹಾಲನ್ನೂ ಫ್ರಿಜ್ಜಲ್ಲಿ ಇಡ್ತೀವಿ. ಕುದಿಸಲ್ವಾ?” ಎಂದರು ಅತ್ತೆ.

ಬಡಗಿಗೂ ನಗು ತಡೆಯಲಾಗಲಿಲ್ಲ. ತುತ್ತು ನೆತ್ತಿಗೇರಿ ಕೆಮ್ಮಿದ. ಸೊಸೆ ಮಾತ್ರ ನಗಲಿಲ್ಲ. ಅತ್ತೆಯ ಮುಖ ನೋಡುತ್ತಿದ್ದಳು. ಅತ್ತೆ ಒಬ್ಬೊಬ್ಬರನ್ನೇ ನೋಡಿ, ಕೊನೆಗೆ ತಮ್ಮ ಕೈಗಳನ್ನು ನೋಡಿಕೊಂಡರು. ತಟ್ಟೆ ಹಿಡಿದು ಎದ್ದು ಒಳಗೆ ಹೋದರು. ಅನ್ನ ಮುಟ್ಟಿರಲಿಲ್ಲ.

“ನಗೋದಕ್ಕೂ ಒಂದು ಹದ ಬೇಡ್ವಾ?” ಎಂದು ಸೊಸೆ ಇಬ್ಬರನ್ನೂ ಗದರಿದಳು. ಆ ಮಾತು ತನಗೂ ತಾಗುತ್ತದೆಂದು ಅವಳಿಗೆ ಗೊತ್ತಿತ್ತು. ಇಷ್ಟು ದಿನ ಪಾತ್ರೆ ಕುಕ್ಕಿದ್ದು ಅವಳೇ.

ಬೆಳಗ್ಗೆ ಅವಳು ಎದ್ದಾಗ ಹಿಂಬಾಗಿಲು ತೆರೆದಿತ್ತು. ಅತ್ತೆ ಗೋಡೆಯ ಕಡೆ ಕೂತು, ಒಂದು ಚೀಲ ಸೀಳಿ, ಕಡ್ಡಿಯ ಬೇರನ್ನು ಮಗ್ಗಿನ ನೀರಲ್ಲಿ ತೊಳೆಯುತ್ತಿದ್ದರು. ಬೇರು ಕಂದಾಗಿತ್ತು, ಒಂದು ಕಡೆ ಮಾತ್ರ ದಾರದಂಥ ಬಿಳಿ ಎಳೆ. ಸೊಸೆ ಪಕ್ಕದಲ್ಲಿ ಕೂತಳು.

“ಮಕ್ಕಳು ಉಳೀಬೇಕು ಅಂತ ಉಳಿದಿದ್ದನ್ನೆಲ್ಲ ಸಾಯಿಸೋದೇ ಆಸ್ಪತ್ರೇಲಿ ನನ್ನ ಕೆಲಸ” ಎಂದರು ಅತ್ತೆ ಬೇರು ನೋಡುತ್ತಲೇ. “ಕಣ್ಣಿಗೆ ಕಾಣದ್ದೆಲ್ಲ ಶತ್ರು. ಅದೇ ಕಲಿತಿದ್ದು. ಕಾಣದ್ದರಲ್ಲೂ ನಮ್ಮವರು ಇರ್ತಾರೆ ಅಂತ ಯಾರು ಹೇಳಿದ್ರು?”

“ನಾನು ಹೇಳಬೇಕಿತ್ತು. ತಣ್ಣೀರು ಅನ್ನೋ ಒಂದು ಮಾತು. ಹೇಳಬೇಕು ಅಂತ ಹೊಳೆಯಲೇ ಇಲ್ಲ ಅತ್ತೆ.”

“ನಿನಗೆ ಅಮ್ಮನ ಚಿಂತೆ.”

“ಅದಿರಲಿ. ನೀವು ಚೆಲ್ಲಿದ್ದೀರಿ ಅಂತ ಅನುಮಾನ ಪಟ್ಟೆನಲ್ಲ...”

“ಹೂಂ. ಅದು ಸುಟ್ಟಿತು.” ಅತ್ತೆ ಮಗ್ಗಿನ ನೀರು ಚೆಲ್ಲಿದರು. “ಪೊಟ್ಟಣ ಮೊದಲು ಕಂಡಾಗ ಚೆಲ್ಲಬೇಕು ಅಂತ ನನಗೂ ಅನ್ನಿಸಿತ್ತು ಬಿಡು” ಎಂದರು.

ಸೊಸೆಗೆ ನಗು ಬಂತು. ಅತ್ತೆಯ ತುಟಿಯ ಮೂಲೆಯೂ ಅಲುಗಿತು.

“ಬಿಳಿ ಎಳೆ ಇದೆಯಲ್ಲ” ಎಂದಳು ಸೊಸೆ. “ಪೂರ್ತಿ ಸತ್ತಿಲ್ಲ. ನೀವು ಆರಿಸಿ ಹಾಕಿದ್ದಕ್ಕೆ ಬೇರು ಉಳಿದಿದೆ. ಇನ್ನೊಂದು ಪೊಟ್ಟಣ ತಂದು ಹಾಕೋಣ. ಈ ಕಡೆ ನೀರೂ ನಿಲ್ಲುತ್ತೆ, ಚೀಲ ನೆಲದಿಂದ ಮೇಲೆತ್ತಬೇಕು.”

“ಯಾವುದರ ಮೇಲೆ?”

ಇಬ್ಬರೂ ಮನೆಯ ಕಡೆ ತಿರುಗಿದರು. ಬಡಗಿ ಬಾಗಿಲಲ್ಲಿ ಹಲ್ಲುಜ್ಜುತ್ತಾ ನಿಂತಿದ್ದ.

“ಯಾಕೆ ಇಬ್ಬರೂ ಒಂದೇ ಥರ ನೋಡ್ತಾ ಇದ್ದೀರಿ?” ಎಂದ ನೊರೆ ತುಂಬಿದ ಬಾಯಲ್ಲಿ.

“ನಿನ್ನ ಶೆಡ್ಡಲ್ಲಿ ತುಂಡು ಹಲಗೆ ಬಿದ್ದಿದೆಯಲ್ಲಪ್ಪ” ಎಂದರು ಅತ್ತೆ.

“ಅಮ್ಮ, ನಾನು ಈ ಜಾಗ ಕೇಳ್ತಾ ಇರೋನು. ನನ್ನಿಂದಲೇ ಹಲಗೆನಾ?”

“ರಾತ್ರಿ ಊಟದಲ್ಲಿ ನಕ್ಕೆಯಲ್ಲ, ಅದಕ್ಕೆ.”

ಅವನು ಗೊಣಗಿದ. ಸಂಜೆ ಸೈಕಲ್ಲಿನ ಹಿಂದೆ ಹಲಗೆ ಕಟ್ಟಿಕೊಂಡು ಬಂದ. ಪಟ್ಟಿ ಹೊಡೆದು, ನೀರು ಇಳಿಯುವ ಹಾಗೆ ಸಂದಿ ಬಿಟ್ಟು, ಗೋಡೆಯುದ್ದಕ್ಕೂ ತಗ್ಗಿನ ಅಟ್ಟಣಿಗೆ ಹಾಕಿಕೊಟ್ಟ. ಅಳತೆ ಮೊದಲೇ ತೆಗೆದಿದ್ದರಿಂದ ಕೆಲಸ ಬೇಗ ಮುಗಿಯಿತು. ಪೂರ್ತಿ ಕೊಳೆತವನ್ನು ತೆಗೆದು ದೂರ ಹಾಕಿದರು. ಉಳಿದವನ್ನು ಹಲಗೆಯ ಮೇಲೆ ಜೋಡಿಸಿದರು. ಹೊಸ ಪೊಟ್ಟಣದ ಪುಡಿಯನ್ನು ಸೊಸೆ ಕಲಸಿದಳು. ಈ ಸಲ ಅತ್ತೆ ಪಕ್ಕದಲ್ಲೇ ನಿಂತು ನೋಡಿದರು, ಮುಟ್ಟಲಿಲ್ಲ.

ಟೋಪಿಯಮ್ಮ ಬಂದ ದಿನ ಆಕಾಶ ಕಪ್ಪಿಟ್ಟಿತ್ತು. ವ್ಯಾನನ್ನು ಗೇಟಿನಾಚೆ ನಿಲ್ಲಿಸಿ, ಸೀದಾ ನಲ್ಲಿ ಕಡೆಗೆ ಹೋಗಿ, ಕೇಳದೆಯೇ ಒಂದು ಚೀಲ ಎತ್ತಿ ಸೀಳಿದರು. ಮಣ್ಣು ಉದುರಲಿಲ್ಲ. ಹೆಣೆದ ಹಾಗೆ ಬಿಳಿ ಬೇರು ಅದನ್ನು ಹಿಡಿದುಕೊಂಡಿತ್ತು. ಟೋಪಿಯಮ್ಮ ಮೂಸಿ ನೋಡಿದರು.

“ಕಾಡಿನ ಮಣ್ಣಿನ ವಾಸನೆ ಬರ್ತಿದೆ. ಏನು ಹಾಕಿದ್ರಿ?”

“ಬೂಷ್ಟು” ಎಂದರು ಅತ್ತೆ.

ಸೊಸೆ ವಿವರಿಸಿದಳು. ಟೋಪಿಯಮ್ಮ ತಲೆಯಾಡಿಸುತ್ತಾ ಗೋಡೆಯ ಕಡೆ ತಿರುಗಿದರು. ಹಲಗೆಯ ಮೇಲಿನ ಗಿಡಗಳಿಗೆ ಆಗಷ್ಟೇ ಬಣ್ಣ ಬಂದಿತ್ತು; ತುದಿಯಲ್ಲಿ ಮುಚ್ಚಿದ ಕೊಡೆಯಂಥ ಚಿಗುರು. “ಇವೂ ಪರವಾಗಿಲ್ಲ. ಎಲ್ಲಾ ಒಟ್ಟಿಗೇ ಹೇರಿಬಿಡಿ.”

ಬಾಗಿಲಲ್ಲಿ ನಿಂತಿದ್ದ ಬಡಗಿ ಹುಬ್ಬೇರಿಸಿದ. ಎಲ್ಲವೂ ಮಾರಾಟವಾದರೆ ಜಾಗದ ಪ್ರಶ್ನೆಯೇ ಮುಗಿಯುತ್ತಿತ್ತು.

“ಅವು ಬೇಡ” ಎಂದರು ಅತ್ತೆ.

“ಅತ್ತೆ...”

“ಅವು ಈಗತಾನೇ ಕಾಯಿಲೆಯಿಂದ ಎದ್ದಿವೆ. ತೋಟಕ್ಕೆ ಹೋಗಿ ಮಳೆ ಬಿದ್ದರೆ ತಡೆಯಲ್ಲ. ತಪ್ಪು ನನ್ನದು, ಕುದಿಸಿದ ನೀರಲ್ಲಿ ಪುಡಿ ಕಲಸಿದ್ದೆ.” ಹೇಳಲು ಶುರು ಮಾಡಿದ ಮೇಲೆ ಅತ್ತೆ ಏನನ್ನೂ ಬಿಡಲಿಲ್ಲ. ಹಬೆ, ಬೆಲ್ಲ, ಹಾಲು, ಮೊಮ್ಮಗಳ ನಗು ಎಲ್ಲವನ್ನೂ ಹೇಳಿದರು.

ಟೋಪಿಯಮ್ಮ ಎಷ್ಟು ನಕ್ಕರೆಂದರೆ ಟೋಪಿ ಹಿಂದಕ್ಕೆ ಜಾರಿ ಕೆಳಗೆ ಬಿತ್ತು. ಒಳಗೆ ಬೆಳ್ಳಗಿನ ತುಂಡು ಕೂದಲು. ಆ ಮನೆಯವರು ಅದನ್ನು ಮೊದಲ ಸಲ ನೋಡಿದ್ದು.

“ಕಳೆದ ವರ್ಷ ವ್ಯಾನು ಖಾಲಿ ಹೋದಾಗ ನನಗೆ ಗಿಡ ಹೋಯ್ತು ಅನ್ನೋ ಬೇಜಾರಿರಲಿಲ್ಲ” ಎಂದರು ಟೋಪಿ ಕೊಡವಿಕೊಳ್ಳುತ್ತಾ. “ಎಲ್ಲಾ ಚೆನ್ನಾಗಿದೆ ಅಂತ ಹೇಳಿ ಕರೆಸಿದ್ರಲ್ಲ, ಅದಕ್ಕೆ ಬೇಜಾರಾಗಿತ್ತು. ಈಗ ಸರಿಹೋಯ್ತು. ನಲ್ಲಿ ಕಡೆಯವು ಇವತ್ತು. ಇವು ಗಟ್ಟಿಯಾದ ಮೇಲೆ ಹೇಳಿ ಕಳಿಸಿ, ನಾನೇ ಬರ್ತೀನಿ. ಮುಂದಿನ ವರ್ಷಕ್ಕೂ ಇಲ್ಲಿಂದಲೇ.”

ವ್ಯಾನು ತಿರುವು ದಾಟುವವರೆಗೂ ಯಾರೂ ಒಳಗೆ ಹೋಗಲಿಲ್ಲ. ಬಡಗಿ ಜೇಬಿನಿಂದ ಅಳತೆ ಟೇಪು ತೆಗೆದ.

“ಈಗೇನು?” ಎಂದಳು ಸೊಸೆ.

“ಮುಂದಿನ ವರ್ಷಕ್ಕೂ ಅಂದ್ರಲ್ಲ. ನಲ್ಲಿ ಕಡೆಯೂ ಅಟ್ಟಣಿಗೆ ಬೇಡ್ವಾ? ಟೇಪಿನ ತುದಿ ಹಿಡಿ.” ಆಮೇಲೆ ಸಣ್ಣ ಧ್ವನಿಯಲ್ಲಿ, “ಮೆಷಿನ್ನಿಗೆ ಗೇಟಿನ ಹತ್ತಿರ ಒಂದು ಮೂಲೆ ಸಿಕ್ಕಿದ್ರೂ ಸಾಕಿತ್ತು” ಎಂದ.

“ಮರದ ಪುಡಿ ಎಲೆ ಮೇಲೆ ಬೀಳುತ್ತೆ” ಎಂದರು ಅತ್ತೆ.

“ಅಮ್ಮ!”

“ಅಡ್ಡ ಒಂದು ತಡಿಕೆ ಕಟ್ಟು, ನೋಡೋಣ.”

“ಇದನ್ನ ಒಪ್ಪಂದ ಅಂತ ಬರೆದಿಟ್ಕೊಳ್ಳಲಾ?” ಎಂದಳು ವಕೀಲೆ.

ಮಳೆ ಒಂದು ಸುತ್ತು ಹೊಡೆದು ಬಿಸಿಲು ಬಿದ್ದ ದಿನ ಖಾಲಿಯಾಗಿದ್ದ ನಲ್ಲಿ ಕಡೆಗೆ ಮತ್ತೆ ಊರಿದ್ದ ಕಡ್ಡಿಗಳು ಕಣ್ಣು ಬಿಟ್ಟಿದ್ದವು. ಸೊಸೆ ಪೊಟ್ಟಣ ತಂದು ಅತ್ತೆಯ ಕೈಗೆ ಕೊಟ್ಟಳು. ಅತ್ತೆ ಒಂದು ಕ್ಷಣ ಅವಳ ಮುಖ ನೋಡಿ, ತೆಗೆದುಕೊಂಡರು. ಬಕೆಟ್ಟಿಗೆ ನಲ್ಲಿ ನೀರು ಬಿಟ್ಟು ಬೆಲ್ಲ ಕದಡಿದರು. ಪೊಟ್ಟಣದ ಕ್ಲಿಪ್ಪು ತೆಗೆದವರು, ಮತ್ತೆ ಹಾಕಿ, ತೋಳು ಮಡಚಿ ಮೊಣಕೈ ಅದ್ದಿದರು.

“ಇನ್ನೂ ಸ್ವಲ್ಪ ಆರಲಿ” ಎಂದರು.

“ನಲ್ಲಿ ನೀರೇ ಅಲ್ವಾ ಅತ್ತೆ?”

“ಪೈಪು ಬಿಸಿಲಲ್ಲಿ ಕಾದಿರುತ್ತೆ. ನನಗೆ ಹೇಳಿಕೊಡೋಕೆ ಬರಬೇಡ.”

ಇಬ್ಬರೂ ಬಕೆಟ್ಟಿನ ಆಚೆ ಈಚೆ ಕೂತು, ನೀರು ತಣಿಯುವುದನ್ನು ಕಾದರು.